ಅಜ್ಜನ ಮೂಗು, ಅಜ್ಜಿಯ ತಂಬೂರಿ

ನನ್ನ ದಿನಚರಿಯ ಕೊನೆಯ ಪುಟದಲ್ಲಿ ‘ಗಾಬರಿಗಳು’ ಎಂಬ ಒಂದು ಪಟ್ಟಿ ಇದೆ. ನನ್ನ ವಯಸ್ಸಿನ ಹುಡುಗಿಯರು ಆ ಪುಟದಲ್ಲಿ ಏನೇನು ಬಚ್ಚಿಡುತ್ತಾರೋ ನನಗೆ ತಿಳಿಯದು. ನಾನಂತೂ ಎದೆ ಧಸಕ್ಕೆಂದ ದಿನಗಳನ್ನು ತಾರೀಖು ಹಾಕಿ ಬರೆದಿಡುತ್ತೇನೆ. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ಸಣ್ಣ ಗಾಬರಿ, ನಡುವಿನ ಗಾಬರಿ, ದೊಡ್ಡ ಗಾಬರಿ ಎಂದು ಮೂರು ಮನೆ ಮಾಡಿದ್ದೇನೆ. ಹೆಗಲ ಮೇಲೆ ಹಲ್ಲಿ ಬಿದ್ದರೆ ಸಣ್ಣದು. ಪರೀಕ್ಷೆಯ ಫಲಿತಾಂಶ ನಡುವಿನದು. ದೊಡ್ಡ ಗಾಬರಿಯ ಮನೆಯಲ್ಲಿ ಬಹಳ ಕಾಲ ಒಂದೇ ಗೀಟು ಇತ್ತು, ಅಜ್ಜ ತೀರಿಕೊಂಡ ದಿನದ್ದು. ತೆಲಂಗಾಣ ಬಂದ ಆ ಜೂನ್ ಮತ್ತು ಜುಲೈ ತಿಂಗಳಲ್ಲಿ ಅದರ ಪಕ್ಕಕ್ಕೆ ಇನ್ನೂ ಮೂರು ಗೀಟು ಬಿದ್ದವು. ಮೂರಕ್ಕೂ ಕಾರಣ ಒಂದೇ, ಮೊಳದ ಲೆಕ್ಕದಲ್ಲಿ ಎರಡೂವರೆ ಮೊಳ ಉದ್ದದ ಒಂದು ತಂತಿ.

ಮೊದಲನೆಯ ಗೀಟು ಜೂನ್ ಎರಡರದು. ಹಿಂದಿನ ದಿನ ಆಂಧ್ರಪ್ರದೇಶದಲ್ಲಿ ಮಲಗಿದವಳು ಬೆಳಿಗ್ಗೆ ತೆಲಂಗಾಣದಲ್ಲಿ ಎದ್ದೆ. ಅದೇ ಚಾಪೆ, ಅದೇ ದಿಂಬು, ದಿಂಬಿನ ಮೇಲೆ ಅದೇ ಎಣ್ಣೆಯ ಕಲೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಗಂಟು ಮೂಟೆ ಕಟ್ಟಿ ಬಸ್ಸು ಹತ್ತಬೇಕು ಎಂದು ತಿಳಿದಿದ್ದ ನನಗೆ ಮಲಗಿದ್ದಲ್ಲೇ ಗಡಿ ದಾಟಿದ್ದು ಸೋಜಿಗವೆನಿಸಿತು. ನಾರಾಯಣಪೇಟೆಯ ಚೌಕದಲ್ಲಿ ಆಗಲೇ ಪಟಾಕಿ ಶುರುವಾಗಿತ್ತು. ಅಜ್ಜಿಗೆ ಮಾತ್ರ ಏನೂ ಅನ್ನಿಸಿರಲಿಲ್ಲ. ನಿಜಾಮರ ಕಾಲದಲ್ಲಿ ಹುಟ್ಟಿ, ಹೈದರಾಬಾದ್ ರಾಜ್ಯದಲ್ಲಿ ಮೈನೆರೆದು, ಆಂಧ್ರಪ್ರದೇಶದಲ್ಲಿ ಮೊಮ್ಮಕ್ಕಳನ್ನು ಕಂಡು, ಈಗ ತೆಲಂಗಾಣದಲ್ಲಿ ಮುಖ ತೊಳೆಯುತ್ತಿದ್ದಳು. “ನಾಕ ಸರ್ಕಾರ ನೋಡೀನಿ, ಸರೂ. ಓಣಿ ನಳ ಮಾತ್ರ ಒಂದ ಸರ್ಕಾರದಾಗೂ ಹೊತ್ತಿಗಿ ಸರಿಯಾಗಿ ಬರಲಿಲ್ಲ” ಎಂದು ಮಡಿಯುಟ್ಟು ದೇವರ ಮನೆಗೆ ಹೋದಳು.

ನಮ್ಮದು ನೇಕಾರರ ಮನೆ. ನಡುಮನೆಯಲ್ಲಿ ಎರಡು ಕುಣಿ ಮಗ್ಗ, ಹಿಂದೆ ಅಡುಗೆ ಮನೆ, ಅದಕ್ಕೆ ಅಂಟಿಕೊಂಡು ದೇವರ ಮನೆ. ಮಾಂಸದ ಮಾತಿರಲಿ, ನಾವು ಉಳ್ಳಾಗಡ್ಡಿಯನ್ನೂ ಆ ಬಾಗಿಲು ದಾಟಿಸುವುದಿಲ್ಲ. ದಿನಾ ಬೆಳಿಗ್ಗೆ ಅಜ್ಜಿ ಅಲ್ಲಿ ಕೂತು ಎರಡು ತಂತಿಯ ಪುಟ್ಟ ತಂಬೂರಿ ಮೀಟುತ್ತ ಒಂದು ಪದ ಹಾಡಬೇಕು. ಕೆಲವು ಕನ್ನಡದವು, ಕೆಲವು ತೆಲುಗಿನವು, ಕೆಲವು ಅರ್ಧದಲ್ಲಿ ಭಾಷೆ ಬದಲಿಸುವಂಥವು. ಹಾಡು ಮುಗಿದ ಮೇಲೆಯೇ ಅಪ್ಪ ಮಗ್ಗದ ಕುಣಿಗೆ ಕಾಲು ಬಿಡುವುದು. ಆ ದಿನ ಚೌಕದಲ್ಲಿ ಒಂದು ದೊಡ್ಡ ಪಟಾಕಿ ಸಿಡಿಯಿತು, ಅದರ ಬೆನ್ನಿಗೇ ದೇವರ ಮನೆಯಲ್ಲಿ ‘ಟಪ್’ ಎಂದಿತು. ಓಡಿಹೋಗಿ ನೋಡಿದರೆ ತಂಬೂರಿಯ ಉಕ್ಕಿನ ತಂತಿ ಗಟ್ಟಿಯಾಗಿತ್ತು, ಇನ್ನೊಂದು ತಂತಿ, ಆ ಮೆತ್ತನೆಯ ದನಿಯದು, ಹರಿದು ಸುರುಳಿಯಾಗಿ ಅಜ್ಜಿಯ ತೊಡೆಯ ಮೇಲೆ ಬಿದ್ದಿತ್ತು.

“ನೋಡಿದ್ಯಾ? ಅವರು ರಾಜ್ಯ ಹರಕೊಂಡ್ರು, ನನ್ನ ತಾರ ಹರೀತು” ಅಂದಳು ಅಜ್ಜಿ.

ನಾನು ದಿನಚರಿ ನೋಡಿಕೊಂಡೆ. ಮೂರು ದಿನದಿಂದ ಮೋಡ ಕವಿದಿತ್ತು. ಎರಡು ದಿನದಿಂದ ತಂಬೂರಿಯ ಶ್ರುತಿ ಏರಿದೆ ಎಂದು ಅಜ್ಜಿ ಗೊಣಗಿದ್ದನ್ನೂ ಬರೆದಿದ್ದೆ. ಮೋಡಕ್ಕೂ ತಂತಿಗೂ ಏನು ಸಂಬಂಧ ಎಂದು ಮಾತ್ರ ಬರೆದಿರಲಿಲ್ಲ, ಗೊತ್ತಿರಲಿಲ್ಲ. ಹಾಗಾಗಿ ಸದ್ಯಕ್ಕೆ ತಪ್ಪು ಸರ್ಕಾರದ್ದೇ ಎಂದಾಯಿತು.

ಒಂದು ತಂತಿ ಹರಿದದ್ದು ದೊಡ್ಡ ಗಾಬರಿ ಹೇಗಾದೀತು ಎಂದು ನೀವು ಕೇಳಬಹುದು. ಮರುದಿನ ಅಜ್ಜಿ ಹಾಡಲಿಲ್ಲ, ಅದಕ್ಕೆ. ಅಜ್ಜ ಹೋದಾಗ ಆಕೆ ಹದಿಮೂರು ದಿನ ಮಾತಿಲ್ಲದೆ ಗೋಡೆ ನೋಡುತ್ತ ಕೂತಿದ್ದಳು. ಹದಿನಾಲ್ಕನೆಯ ದಿನ ತಾನಾಗಿ ಎದ್ದು ತಂಬೂರಿಯ ಧೂಳು ಒರೆಸಿ ಎರಡು ಸಾಲು ಹಾಡಿದಳು, ಆಮೇಲೆ ಗಂಜಿ ಕೇಳಿದಳು. ಆ ತಂಬೂರಿಯನ್ನು ಹಿಡಿದುಕೊಂಡೇ ನಮ್ಮ ಅಜ್ಜಿ ನಮ್ಮ ಕಡೆಗೆ ವಾಪಸು ಬಂದದ್ದು. ಈಗ ಮತ್ತೆ ಸುಮ್ಮನೆ ಕೂತಿದ್ದಳು. “ಹಂಗ ಬಾಯಿಲೆ ಹಾಡಬೇ” ಎಂದರೆ, “ಹಾಸು ಇಲ್ದ ಹೊಕ್ಕು ಹೊಡದ್ರ ಸೀರಿ ಆಗತೈತೇನು?” ಅನ್ನುವಳು. ನಾನು ದಿನಚರಿಯಲ್ಲಿ ಹೊಸದೊಂದು ಲೆಕ್ಕ ಶುರು ಮಾಡಿದೆ: ‘ಅಜ್ಜಿ ಹಾಡದ ದಿನಗಳು.’ ಒಂದು ಅಡ್ಡಗೀಟು ಬಿತ್ತು. ಎರಡನೆಯದಕ್ಕೆ ಹತ್ತಿರವಾಯಿತು. ಅಪ್ಪ ಹೊತ್ತು ನೋಡಿ ಮಗ್ಗಕ್ಕೆ ಇಳಿಯತೊಡಗಿದರು. ಅವರ ಲಾಳಿ ದಿನಕ್ಕೆರಡು ಸಲ ದಾರಿ ತಪ್ಪಿ ನೆಲಕ್ಕೆ ಬೀಳತೊಡಗಿತು.

ಈಗ ತಂತಿಯ ಕಥೆ ಹೇಳಬೇಕು, ಅದಕ್ಕೆ ಮೊದಲು ಅಜ್ಜನ ಮೂಗಿನ ಕಥೆ.

ನೂಲು ನೂಲೇ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನೇಕಾರನಿಗೆ ಹಾಗಲ್ಲ. ಅವನು ಹೊಸ ನೂಲು ಬಂದರೆ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಾನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆಳ್ಳನೆಯ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿ. ನೈಲಾನ್ ಜಾತಿಯದಾದರೆ ಉರಿಯುವ ಮೊದಲೇ ಕರಗಿ ಮುದ್ದೆಗಟ್ಟಿ ಕಲ್ಲಿನಂಥ ಮಣಿಯಾಗುತ್ತದೆ. ಈ ಪರೀಕ್ಷೆಯಲ್ಲಿ ನಮ್ಮ ಅಜ್ಜನ ಮೂಗಿಗೆ ಪೇಟೆಯಲ್ಲೆಲ್ಲ ಹೆಸರು. ಗದ್ವಾಲಿನ ನೇಕಾರರೂ ಜರಿಯಂಚಿನ ಸೀರೆಗೆ ತಂದ ರೇಷ್ಮೆಯ ಬಗ್ಗೆ ಅನುಮಾನ ಬಂದರೆ ಎರಡು ಎಳೆಯನ್ನು ಚೀಟಿಯಲ್ಲಿ ಸುತ್ತಿ ಕಳಿಸುತ್ತಿದ್ದರಂತೆ. ಅಜ್ಜ ಸುಟ್ಟು, ಮೂಸಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ತಂಬೂರಿಯ ಮೆತ್ತನೆಯ ತಂತಿ ನಮ್ಮ ಮನೆಗೆ ಬರುತ್ತಿದ್ದದ್ದು ದಾಮರಗಿದ್ದ ಎಂಬ ಊರಿನ ಕಡೆಯ ಒಂದು ಕುರುಬರ ಮನೆಯಿಂದ. ಈಗಿನ ಮಾಳಮ್ಮಕ್ಕನ ಅತ್ತೆ ಮೊದಲ ಸಲ ಅದನ್ನು ತಂದಾಗ ಅಜ್ಜಿ ಇನ್ನೂ ಹೊಸ ಸೊಸೆ. ಅರಿಸಿನದ ಬಟ್ಟೆಯಲ್ಲಿ ಸುತ್ತಿ ಹೊರಗಿನ ಕಟ್ಟೆಯ ಮೇಲಿಟ್ಟು, “ಬೀರಪ್ಪನ ಹೆಸರಿನ ತಾರ ಐತ್ರಿ, ದುಡ್ಡಿಗಿ ಕೊಡಂಗಿಲ್ಲ” ಎಂದು ಹೇಳಿ, ಬೀರಪ್ಪನ ಮೂರ್ತಿಗೆ ಹೊದಿಸಲು ಒಂದು ರೇಷ್ಮೆಯ ಶಲ್ಯ ಇಸಿದುಕೊಂಡು ಹೋದಳಂತೆ. ಅಜ್ಜ ಆ ತಂತಿಯ ತುದಿ ಕತ್ತರಿಸಿ ದೀಪಕ್ಕೆ ಹಿಡಿದ. ಕೂದಲು ಸುಟ್ಟ ವಾಸನೆ. ಕರಿ ಬೆರಳಲ್ಲಿ ಪುಡಿಯಾಯಿತು. “ರೇಷ್ಮಿ! ಅದೂ ಕಾಡ ರೇಷ್ಮಿ. ಕುರಿ ಕಾಯಾಕ ಹೋದಲ್ಲಿ ಗಿಡದ ಮ್ಯಾಲಿಂದ ಗೂಡು ಆರಿಸ್ಕೊಂಡು ಬಂದು ಹುರಿ ಮಾಡ್ತಾರ” ಎಂದ. ತೀರ್ಪು ಆಯಿತು. ರೇಷ್ಮೆಯೆಂದರೆ ಮಡಿ. ತಂತಿ ಕಟ್ಟೆಯಿಂದ ಎದ್ದು ನಡುಮನೆ ದಾಟಿ, ಅಡುಗೆ ಮನೆ ದಾಟಿ, ದೇವರ ಮನೆ ಸೇರಿತು. ಅದು ಸವೆದಾಗ ಇನ್ನೊಂದು ಬಂತು, ಶಲ್ಯ ಹೋಯಿತು. ಅಜ್ಜಿಯ ನೆನಪಿನಂತೆ ಈವರೆಗೆ ಒಂಬತ್ತು ತಂತಿ, ಒಂಬತ್ತು ಶಲ್ಯ. ಕೊನೆಯ ನಾಲ್ಕು ಮಾಳಮ್ಮಕ್ಕನ ಕೈಯವು.

ಹಾಗಾಗಿ ನಾನು ಫೋನು ಮಾಡಿ ತಂತಿ ಹರಿದ ಸುದ್ದಿ ತಿಳಿಸಿ, ಮುಂದಿನ ವಾರ ಬಸ್ಸು ಹತ್ತಿದೆ. ಕಾಡು ರೇಷ್ಮೆಯನ್ನು ಹುರಿ ಮಾಡುವ ಬಗೆಯನ್ನು ಕಣ್ಣಾರೆ ಕಂಡು ದಿನಚರಿಯಲ್ಲಿ ಬರೆದುಕೊಳ್ಳಬೇಕೆಂದು ಪೆನ್ಸಿಲನ್ನೂ ಚೂಪು ಮಾಡಿಕೊಂಡಿದ್ದೆ.

ಮಾಳಮ್ಮಕ್ಕ ಅಂಗಳದಲ್ಲಿ ಕೂತಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ನಗು ಮುಖ. ಮುಂದೆ ಬೂದಿ ನೀರಿನ ಬೋಗುಣಿ. ಮಂಡಿಯ ಮೇಲಿಟ್ಟ ಹಲಗೆಯಲ್ಲಿ ಬಿಳಿಚಿದ, ನೀಳವಾದ, ಜಾರುವ ಒಂದು ವಸ್ತುವನ್ನು ಬಿದಿರಿನ ಸಿಬಿರಿನಿಂದ ಹೆರೆಯುತ್ತಿದ್ದಳು.

“ಬಾ ತಂಗಿ, ಕುಂಡ್ರು. ಸರಿಯಾದ ಹೊತ್ತಿಗಿ ಬಂದಿ. ನಿಮ್ಮದ ಕೆಲಸ ನಡದೈತಿ.”

“ಇದೇನಕ್ಕ?”

“ಕರಳು.”

“ಯಾವ ಕರಳು?”

“ಕುರೀದು. ಹೋದ ವಾರ ಬೀರಪ್ಪನ ಹಬ್ಬ ಮಾಡಿದ್ವಲ್ಲ, ಆ ಕುರೀದು. ನಿಮ್ಮ ತಂಬೂರಿಗಿ ಅಂತ ಮೊದಲ ತಗದಿಟ್ಟೀನಿ.”

ಪೆನ್ಸಿಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಕೂತಿದ್ದ ನಾನು ಎದ್ದೆ, ಎದ್ದವಳು ಮತ್ತೆ ಕೂತೆ. “ಅಕ್ಕಾ, ತಂಬೂರಿದು ರೇಷ್ಮಿ ತಂತಿ ಅಲ್ಲೇನು?” ಎಂದೆ. ಮಾಳಮ್ಮಕ್ಕ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಬೋಗುಣಿಯ ನೀರು ಅಲುಗುವಂತೆ ನಕ್ಕಳು.

“ರೇಷ್ಮಿ? ಕುರುಬರ ಮನ್ಯಾಗ? ನಮ್ಮ ಕುರಿ ಕಂಬಳಿಗಿ ಉಣ್ಣಿ ಕೊಡ್ತಾವ ತಂಗಿ, ಗೂಡು ಕಟ್ಟಂಗಿಲ್ಲ!” ನನ್ನ ಮುಖ ಕಂಡು ಅವಳ ನಗು ಅರ್ಧಕ್ಕೆ ನಿಂತಿತು. “ಯವ್ವಾ... ನಿಮಗ ಗೊತ್ತಿದ್ದಿಲ್ಲೇನು? ಖರೇನ ಗೊತ್ತಿದ್ದಿಲ್ಲ? ನಮ್ಮತ್ತಿ ಹೇಳಿರಬೇಕು ಅಂತ ನಾ ಇಷ್ಟು ದಿನ ತಿಳಕೊಂಡೀನಿ!”

ಅತ್ತೆ ಹೇಳಿರಲಿಲ್ಲ, ಏಕೆಂದರೆ ನಮ್ಮವರು ಕೇಳಿರಲಿಲ್ಲ. ನಮ್ಮವರು ಕೇಳಿರಲಿಲ್ಲ, ಏಕೆಂದರೆ ಅಜ್ಜನ ಮೂಗು ಆಗಲೇ ಉತ್ತರ ಕೊಟ್ಟಿತ್ತು. ಬೇರೆ ಯಾವ ಮನೆಯಲ್ಲಾದರೂ ಆ ತಂತಿಯನ್ನು ನೋಡಿ, ಮುಟ್ಟಿ, “ಇದೇನಮ್ಮ?” ಎಂದು ಕೇಳುತ್ತಿದ್ದರು. ನೂಲಿನ ಬಗ್ಗೆ ಎಲ್ಲ ಬಲ್ಲ ಮನೆ ಮಾತ್ರ ಕೇಳದೆ ಸುಟ್ಟು ನೋಡಿತು. ರೇಷ್ಮೆ ಹುಳದ ಮೈಯಿಂದ ಬಂದದ್ದು, ಕರುಳು ಕುರಿಯ ಮೈಯಿಂದ. ದೀಪದ ಮುಂದೆ ಎರಡೂ ಒಂದೇ ವಾಸನೆ ಹೊಡೆದವು. ಮೂಗು ಸುಳ್ಳು ಹೇಳಲಿಲ್ಲ, ಅದು ತನಗೆ ಗೊತ್ತಿದ್ದ ಒಂದೇ ಹೆಸರನ್ನು ಹೇಳಿತು, ಅಷ್ಟೆ. ಹೀಗೆ ಉಳ್ಳಾಗಡ್ಡಿಗೆ ಅಪ್ಪಣೆಯಿಲ್ಲದ ದೇವರ ಮನೆಯಲ್ಲಿ ಒಂಬತ್ತು ಕುರಿಗಳು ಒಂದರ ಹಿಂದೊಂದು ಬಂದು, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಆಯುಧಪೂಜೆಯ ದಿನ ಹೂವು ಮುಡಿದು, ಹಾಡಿ ಹೋಗಿದ್ದವು!

ಮಾಳಮ್ಮಕ್ಕ ಪಾಪ, ನೀರು ಕೊಟ್ಟಳು. ಅಂಗಳದ ಆ ತುದಿಯಲ್ಲಿ ಎರಡು ಗೂಟದ ನಡುವೆ ಇನ್ನೊಂದು ಕರುಳನ್ನು ಹುರಿ ಹಾಕಿ ಎಳೆದು ಒಣಗಲು ಬಿಟ್ಟಿದ್ದಳು. ನಾವು ಓಣಿಯಲ್ಲಿ ಹಾಸು ಎಳೆಯುವುದೂ ಹಾಗೆಯೇ. ಅವಳು ಹುರಿಯನ್ನು ಬೆರಳಲ್ಲಿ ತಡವಿ, ಎಲ್ಲೋ ಒಂದು ಕಡೆ ದಪ್ಪವಿದೆಯೆಂದು ಮುಖ ಗಂಟಿಕ್ಕಿ, ಅಲ್ಲಷ್ಟೇ ಮತ್ತೆ ಉಜ್ಜಿದಳು. ಥೇಟ್ ಅಪ್ಪನ ಹಾಗೆ. “ಒಣಗಾಕ ಎಂಟು ದಿನ ಬೇಕು. ನಾನ ತಂದು ಕೊಡ್ತೀನಿ. ಮತ್ತ ಕೇಳಿಲ್ಲಿ, ಮ್ವಾಡ ಆದ ದಿನ ತಾರ ಒಂದೀಟು ಸಡ್ಲ ಬಿಡ್ರಿ. ಕರಳಲ್ಲಾ, ಥಂಡಿಗಿ ಬಿಗಿತೈತಿ. ಬಿಗದ್ರ ಹರೀತೈತಿ.” ಜೂನ್ ಎರಡರ ಗುಟ್ಟು ಅಲ್ಲಿ ಬಿಚ್ಚಿಕೊಂಡಿತು. ಅಜ್ಜನಿಗೆ ಕಾರಣ ತಿಳಿಯದಿದ್ದರೂ ಮೋಡ ಕಂಡಾಗ ತಂಬೂರಿಯ ಬಿರಟೆ ತಿರುಗಿಸುತ್ತಿದ್ದದ್ದು ನೆನಪಾಯಿತು. ಸರ್ಕಾರ ನಿರ್ದೋಷಿ ಎಂದು ದಿನಚರಿಯಲ್ಲಿ ತಿದ್ದಿದೆ. ದೊಡ್ಡ ಗಾಬರಿಯ ಮನೆಯಲ್ಲಿ ತಂತಿಯ ಲೆಕ್ಕದ ಎರಡನೆಯ ಗೀಟು ಹಾಕಿದೆ, ಕಾಗದ ಹರಿಯುವಷ್ಟು ಒತ್ತಿ.

ಎಂಟು ದಿನ ನನ್ನ ಕೈಯಲ್ಲಿತ್ತು. ಹೇಳಿದರೆ ಅಜ್ಜಿ ಆ ತಂಬೂರಿಯನ್ನು ಮತ್ತೆ ಮುಟ್ಟುವುದಿಲ್ಲ. ಮೊಟ್ಟೆಯಿಟ್ಟಿದ್ದ ಚೀಲ ತಗುಲಿತೆಂದು ಹೊಸ ತಪ್ಪಲೆಯನ್ನೇ ದಾನ ಮಾಡಿದವಳು ಆಕೆ. ಹೇಳದಿದ್ದರೆ ನಾನು ದಿನಾ ಏನೂ ಗೊತ್ತಿಲ್ಲದವಳಂತೆ ಆ ಹಾಡು ಕೇಳಬೇಕು. ಇವೆರಡರ ನಡುವೆ ನನಗೊಂದು ಮೂರನೆಯ ದಾರಿ ಹೊಳೆಯಿತು. ನೈಲಾನ್! ಅದು ಯಾರ ಹೊಟ್ಟೆಯಿಂದಲೂ ಬಂದದ್ದಲ್ಲ, ಯಾರನ್ನೂ ಕುದಿಸಿ ತೆಗೆದದ್ದಲ್ಲ. ಅಜ್ಜಿಗೆ ಅದರ ದನಿ ಒಗ್ಗಿಬಿಟ್ಟರೆ ನಾನು ಬಾಯಿ ಬಿಡುವ ಪ್ರಮೇಯವೇ ಇಲ್ಲ.

ಕಾಗದದ ಮೇಲೆ ನೈಲಾನ್ ಗೆದ್ದೇ ಗೆದ್ದಿತ್ತು. ಅದು ಮೋಡಕ್ಕೆ ಹೆದರದು, ಇಲಿ ತಿನ್ನದು, ಎಳೆ ಬಿಡದು, ಕೊಳೆಯದು. ಎಂಟು ಗುಣಕ್ಕೆ ಎಂಟು ಗೀಟು ಹಾಕಿದೆ. ಕರುಳಿನ ಕಡೆ ‘ದನಿ’ ಎಂದು ಒಂದೇ ಒಂದು. ಇಂಥ ಪಟ್ಟಿಗಳನ್ನು ನಂಬಿಯೇ ನಾನು ಕಾಲೇಜಿನಲ್ಲಿ ಕಾಮರ್ಸ್ ಆರಿಸಿಕೊಂಡದ್ದು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅಜ್ಜಿಗೆ, “ಮಾಳಮ್ಮಕ್ಕನ ತಂತಿ ತಡ ಆಗತೈತಂತ, ಅಲ್ಲಿತನ ಬ್ಯಾರೆ ಹಾಕಿ ನೋಡೂಣು” ಎಂದೆ. ಅದು ಸುಳ್ಳಲ್ಲ. ಮಕ್ತಲ್ ಮೇಲೆ ಹೋಗುವ ಬಸ್ಸಿನಲ್ಲಿ ಗದ್ವಾಲಿಗೆ ಹೋದೆ. ಅಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಸೀರೆಗೆ ಚಿತ್ತಾರ ಎತ್ತುವ ಮಗ್ಗದ ಜಕಾರ್ಡಿಗೆ ಕಟ್ಟುವ ನೈಲಾನ್ ದಾರ ಸಿಕ್ಕಿತು. ಅದು ತೀರ ಸಣ್ಣದಿರಬಹುದೆಂದು ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ದಪ್ಪನೆಯದು ಕೇಳಿದೆ. ಅಂಗಡಿಯವನು ಕೃಷ್ಣಾ ನದಿಯ ಬೆಸ್ತರಿಗೆ ಗಾಳದ ದಾರ ಮಾರುವವನು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಂತ ಪೆದ್ದ ಚೇಪಮ್ಮಾ?” ಎಂದ, ಎಷ್ಟು ದೊಡ್ಡ ಮೀನಮ್ಮಾ ಎಂದು. ಎರಡೂವರೆ ಮೊಳ ಎಂದು ಬಿಟ್ಟೆ. ಆತ ಗೌರವದಿಂದ ಕೈಮುಗಿದ. ವಾಪಸು ಬರುವಾಗ ಮಕ್ತಲ್‌ನಲ್ಲಿ ಇಳಿದು ಆಟದ ಸಾಮಾನಿನ ಅಂಗಡಿಯಲ್ಲಿ ಬ್ಯಾಡ್ಮಿಂಟನ್ ಬ್ಯಾಟಿಗೆ ಹೆಣೆಯುವ ತಂತಿಯನ್ನೂ ಕೊಂಡೆ.

ಅಜ್ಜಿ ಹೊಸ ಹೆಣ್ಣು ನೋಡುವವಳ ಗತ್ತಿನಲ್ಲಿ ಕೂತಳು. ಜಕಾರ್ಡಿನ ದಾರ ಮೀಟಿ, “ಇದು ಹಾಡಂಗಿಲ್ಲ, ಬಿಕ್ಕತೈತಿ” ಅಂದಳು. ಬ್ಯಾಟಿನ ತಂತಿ ಮೀಟಿ, “ಸಾಲಿ ಬಿಟ್ಟಾಗ ಗಂಟಿ ಹೊಡದಂಗಾತು” ಅಂದಳು. ಆದರೂ ಪ್ರಯತ್ನಿಸಿದಳು. ಒಂದೇ ಪದದಲ್ಲಿ ಅದರ ಶ್ರುತಿ ಹನ್ನೊಂದು ಸಲ ಇಳಿಯಿತು, ನಾನು ಎಣಿಸಿದೆ. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ, ಸುಮ್ಮನೆ ಜೋಲುತ್ತದೆ, ಯಾವ ಜಗಳವನ್ನೂ ಆಡುವುದಿಲ್ಲ. ಕೊನೆಗೆ ಗಾಳದ ದಾರ ಕಟ್ಟಿದೆ. ಅದು ಪರವಾಗಿರಲಿಲ್ಲ. ಅಜ್ಜಿಯ ತಲೆ ಒಂದಿಷ್ಟು ತೂಗಿತು.

“ಇದು ಯಾವ ದಾರ?”

ನನ್ನ ದುರದೃಷ್ಟ, ನಾನು ನಿಜ ಹೇಳುವವಳು. “ಮೀನು ಹಿಡಿಯೂದು.”

“ಮೀನು ಹಿಡಿಯೋ ದಾರ! ದೇವರ ಮನ್ಯಾಗ! ತಗೀ ಹೊರಗ, ಮೊದಲ ತಗಿ!” ಅಜ್ಜಿ ಎದ್ದು ಹೋಗಿ ಎರಡು ಸಲ ಕೈ ತೊಳೆದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಖಾನೆಯಲ್ಲಿ ಹುಟ್ಟಿ, ಡಬ್ಬಿಯಲ್ಲಿ ಬೆಳೆದು, ಜೀವನದಲ್ಲಿ ಒಂದು ಮೀನಿನ ಮುಖ ನೋಡದ ಆ ದಾರ ಮೈಲಿಗೆಯಾಗಿ ಹೊರಬಿತ್ತು. ಅದು ಬಿದ್ದ ಜಾಗದ ಪಕ್ಕದಲ್ಲೇ, ಹರಿದ ಕರುಳಿನ ಹಳೆಯ ತುಂಡನ್ನು ಅಜ್ಜಿ ತುಳಸಿಕಟ್ಟೆಯ ಮಣ್ಣಲ್ಲಿ ಭಕ್ತಿಯಿಂದ ಹೂಳಿದ್ದಳು. “ನನಗ ಮಾಳಮ್ಮನ ರೇಷ್ಮಿನ ಬೇಕು, ಸರೂ. ಕಾಯ್ತೀನಿ. ಇಷ್ಟು ದಿನ ಕಾದೀನಿ” ಅಂದಳು.

ಒಂಬತ್ತನೆಯ ದಿನ ಮಾಳಮ್ಮಕ್ಕ ಪೇಟೆಗೆ ಬಂದಳು. ಅರಿಸಿನದ ಪೊಟ್ಟಣವನ್ನು ಪದ್ಧತಿಯಂತೆ ಕಟ್ಟೆಯ ಮೇಲಿಟ್ಟು, ನನ್ನ ಕಡೆ ಒಂದು ನೋಟ ಬೀರಿ, ನೀ ಉಂಟು ನಿನ್ನ ಅಜ್ಜಿ ಉಂಟು ಎಂಬಂತೆ ಹೊರಟು ಹೋದಳು. ಅಜ್ಜಿ ಒಳಗಿನಿಂದಲೇ ಕೂಗಿದಳು: “ಬಂತೇನು? ತಾ ಲಗೂನ!” ಎಷ್ಟೋ ದಿನದ ಮೇಲೆ ಆ ದನಿಯಲ್ಲಿ ಹುಡುಗಾಟಿಕೆ ಕೇಳಿಸಿತು. ಮಡಿಸೀರೆಯುಟ್ಟು ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ತಯಾರಾಗಿದ್ದಳು.

ದೇವರ ಮನೆಯ ಹೊಸ್ತಿಲಿಗೆ ಬಂದೆ. ಕಾಲು ಎತ್ತಿದೆ. ಇಳಿಸಲಾಗಲಿಲ್ಲ. ಸುಮ್ಮನೆ ಕೊಟ್ಟುಬಿಡಬಹುದಿತ್ತು, ಅಜ್ಜಿ ಐವತ್ತು ವರ್ಷ ತಿಳಿಯದೆ ಹಾಡಿದ್ದಳು, ಇನ್ನಷ್ಟು ವರ್ಷ ತಿಳಿಯದೆ ಹಾಡುತ್ತಿದ್ದಳು. ಆದರೆ ಈವರೆಗೆ ಅದು ಅಜ್ಜನ ಮೂಗಿನ ತಪ್ಪು. ಈ ಹೊಸ್ತಿಲು ದಾಟಿದರೆ ಅದು ನನ್ನ ಕೈಯ ಮೋಸ. ಅಲ್ಲೇ ಕೂತೆ. ಅಂಗಳ, ಬೋಗುಣಿ, ಬಿದಿರಿನ ಸಿಬಿರು, ಎಲ್ಲ ಹೇಳಿದೆ.

ತಂಬೂರಿ ಹಿಡಿದ ಅಜ್ಜಿಯ ಬೆರಳು ಒಂದೊಂದಾಗಿ ಸಡಿಲವಾದವು. ಅದನ್ನು ನೆಲದ ಮೇಲಿಟ್ಟಳು. ಎದ್ದು ಹೋಗಿ ತಲೆಯ ಮೇಲೆ ತಣ್ಣೀರು ಹೊಯ್ದುಕೊಂಡಳು. ದೇವರ ಮನೆ ತೊಳೆಸಿದಳು. ಅಪ್ಪ ತಂಬೂರಿಯನ್ನು ಒಂದು ಹಳೆಯ ಸೀರೆಯಲ್ಲಿ ಸುತ್ತಿ ಮಗ್ಗದ ಮೇಲಿನ ನಾಗೊಂದಿಗೆಯಲ್ಲಿಟ್ಟರು. ನಾನು ಮೂರನೆಯ ಗೀಟು ಹಾಕಿದೆ. ಆ ಗಾಬರಿ ನನ್ನದೋ ಅಜ್ಜಿಯದೋ ಎಂದು ಈಗಲೂ ಗೊತ್ತಿಲ್ಲ.

ನಾಲ್ಕು ದಿನ ಅಜ್ಜಿ ಗೋಡೆ ನೋಡಿದಳು. ಕೊಂದು ಹಾಕಿದೆನಲ್ಲಾ ಎಂದುಕೊಂಡೆ. ಒಂದು ಗುಟ್ಟನ್ನು ಹೊರಗೆ ಹಾಕಿ ನನ್ನ ಮನಸ್ಸನ್ನು ಹಗುರ ಮಾಡಿಕೊಳ್ಳಲು ಒಬ್ಬಳ ಹಾಡನ್ನೇ ತೆಗೆದುಕೊಂಡೆ. ಯಾವ ಲೆಕ್ಕದಲ್ಲಿ ಇದು ಸರಿ?

ಐದನೆಯ ಬೆಳಿಗ್ಗೆ ಅಜ್ಜಿ ಕರೆದಳು. “ದೀಪ ತಗೊಂಡು ಕಟ್ಟಿಗಿ ಬಾ. ಮಾಳಮ್ಮನ ತಾರಾನೂ ತಾ.” ಬೆಳಗಿನ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತು ತನ್ನ ರೇಷ್ಮೆಯ ಮಡಿಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತಳು. ದೀಪಕ್ಕೆ ಹಿಡಿದಳು. ಮೂಸಿದಳು. ಆಮೇಲೆ, ಒಂದು ಗಳಿಗೆ ತಡೆದು, ತಂತಿಯ ತುದಿಯನ್ನು ಹಿಡಿದಳು. ಮತ್ತೆ ಮೂಸಿದಳು. ಎರಡೂ ಕರಿಯನ್ನು ಎರಡು ಬೆರಳಲ್ಲಿ ಉಜ್ಜಿ ನನ್ನ ಮೂಗಿನ ಕೆಳಗೆ ತಂದಳು.

“ಯಾವುದು ಯಾವುದು, ಹೇಳು.”

ನನಗೆ ಹೇಳಲಾಗಲಿಲ್ಲ.

“ನನಗೂ ಆಗವಲ್ದು. ನಿಮ್ಮಜ್ಜಗೂ ಆಗಿಲ್ಲ, ಪಾಪ. ಎಂಥಾ ಮೂಗು ಅಂತ ಮೆರೀತಿದ್ದಾ!” ಮೊದಲ ಸಲ ಆಕೆಯ ಕಣ್ಣಲ್ಲಿ ಏನೋ ಮಿಂಚಿತು. “ಮೂರ ದಿನ ನಿನ್ನ ಬೈಕೊಂಡೆ, ಯಾಕರ ಹೇಳಿದ್ಲೋ ಅಂತ. ನಾಕನೇ ದಿನ ಅನಿಸ್ತು, ಹೇಳದ ತಂದು ಕೊಟ್ಟಿದ್ರ ಇನ್ನಷ್ಟು ಬೈತಿದ್ದೆ ಅಂತ. ರೇಷ್ಮಿ ಹುಳಾ ಏನು ತಾನಾಗಿ ಎಳಿ ಕೊಟ್ಟು ಹೋಗತೈತೇನು? ಕುದಿಯೋ ನೀರಾಗ ಹಾಕ್ತಾರ. ಅದ ಉಟಗೊಂಡು ಇಷ್ಟು ವರ್ಷ ದೇವರ ಮುಂದ ಕುಂತೀನಿ.”

“ಹಂಗಾರ ಒಳಗ ತರಲೇನು?”

“ಒಳಗ ಬ್ಯಾಡ. ನನ್ನ ಕೈಲೆ ಆಗಂಗಿಲ್ಲ.” ಅಜ್ಜಿ ಖಡಾಖಂಡಿತವಾಗಿ ತಲೆಯಾಡಿಸಿದಳು. “ತಿಳೀದ ಒಯ್ದದ್ದು ಬ್ಯಾರೆ, ತಿಳಿದು ಒಯ್ಯೋದು ಬ್ಯಾರೆ. ಆದ್ರ ತಪ್ಪು ಮಾಡಿದ್ದು ನಿಮ್ಮಜ್ಜನ ಮೂಗು. ತಂಬೂರಿ ಏನು ಮಾಡೈತಿ? ಅದನ್ಯಾಕ ನಾಗೊಂದಿಗಿ ಮ್ಯಾಲ ಏರಸೀರಿ?” ಆಮೇಲೆ ನಡುಮನೆಯ ಮೂಲಕ ಕಾಣುವ ದೇವರ ಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. “ನಾ ಇಲ್ಲೇ ಕಟ್ಟಿ ಮ್ಯಾಲ ಕುಂತು ಹಾಡಿದ್ರ ಏನಾತು, ದೇವರಿಗಿ ಕಿವಿ ಅದಾವ. ಬಾಗಿಲಾ ತಗದಿಡು. ಮತ್ತ ಮಾಳಮ್ಮಗ ಫೋನು ಹಚ್ಚು. ಹತ್ತು ತಾರ ತಂದಾರ ಆ ಮನಿಯವರು, ಒಂದು ಸಲಾನೂ ಮ್ಯಾಲ ಕರದು ಕೂಡಿಸಿಲ್ಲ.”

ಮುಂದಿನ ಸಂತೆಯ ದಿನ ಬೆಳಿಗ್ಗೆ ಮಾಳಮ್ಮಕ್ಕ ಬಂದಳು. ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂರಲು ಹೋದವಳನ್ನು ಅಜ್ಜಿ, “ಮ್ಯಾಲ ಬಾ, ಅಲ್ಲಿಂದ ಏನು ಕೇಳಿಸ್ತದ?” ಎಂದು ಗದರಿಸಿ ಪಕ್ಕದಲ್ಲಿ ಕೂಡಿಸಿಕೊಂಡಳು. ನಾನು ತಂತಿ ಕಟ್ಟಿದೆ. ಮಾಳಮ್ಮಕ್ಕ ಕೈ ಚಾಚಿ, “ಅಷ್ಟು ಬಿಗಿ ಬ್ಯಾಡ ತಂಗಿ” ಎಂದು ಬಿರಟೆಯನ್ನು ತಾನೇ ಒಂದಿಷ್ಟು ತಿರುಗಿಸಿದಳು. ಅಜ್ಜಿ ಮೀಟಿದಳು. ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೆ ಗೋಡೆಯಾಚೆಯಿಂದ. ಬಯಲಲ್ಲಿ ಅದು ಹೀಗೆ ಹರಡುತ್ತದೆಂದು ತಿಳಿದಿರಲಿಲ್ಲ. ಎದುರು ಮನೆಯ ಮಗ್ಗ ನಿಂತಿತು, ಅದರ ಪಕ್ಕದ್ದೂ ನಿಂತಿತು. ಅಜ್ಜಿಯ ಗಂಟಲು ಮೊದಲ ಸಾಲಿನಲ್ಲಿ ಒಡೆಯಿತು, ಎರಡನೆಯದರಲ್ಲಿ ದಾರಿ ಹಿಡಿಯಿತು.

ಮಾಳಮ್ಮಕ್ಕ ಬಾಯಿಗೆ ಸೆರಗು ಹಿಡಿದು ತಂತಿಯನ್ನೇ ನೋಡುತ್ತಿದ್ದಳು. ಪದ ಮುಗಿದ ಮೇಲೂ ಅದು ನಡುಗುತ್ತಲೇ ಇತ್ತು.

“ನಮ್ಮತ್ತಿ ಸಾಯೋತನ ಕೇಳತಿದ್ಲು ಅಮ್ಮಾರ, ನಮ್ಮ ತಾರ ಹೆಂಗ ದನಿ ಕೊಡತೈತೋ ಅಂತ” ಅಂದಳು. ಕಣ್ಣು ಒರೆಸಿಕೊಂಡಳು. ಆಮೇಲೆ ತಡೆಯಲಾರದೆ, “ಆ ಕುರಿ ಬದುಕಿದ್ದಾಗ ಒಂದಿನಾನೂ ಇಷ್ಟು ಚಂದ ಒದರಲಿಲ್ಲ ನೋಡ್ರಿ!” ಎಂದಳು.

ಅಜ್ಜಿ ನಕ್ಕಳು. ಸೆರಗು ಜಾರುವ ಹಾಗೆ, ಹಲ್ಲಿಲ್ಲದ ಬಾಯಿ ಪೂರಾ ತೆರೆದು ನಕ್ಕಳು. ಒಳಗೆ ಅಪ್ಪ ಮಗ್ಗದ ಕುಣಿಗೆ ಕಾಲು ಬಿಟ್ಟದ್ದು ಕೇಳಿಸಿತು. ಮಾಳಮ್ಮಕ್ಕ ಹೊರಡುವಾಗ ಹತ್ತನೆಯ ಶಲ್ಯ ಅವಳ ಹೆಗಲ ಮೇಲಿತ್ತು.

ಅದಾದ ಮೇಲೆ ನ್ಯಾಯವಾಗಿ ನಾನು ಎರಡೂ ತಂತಿಗಳ ಪಟ್ಟಿಯನ್ನು ಮತ್ತೆ ಕೂಡಿಸಿ ನೋಡಬೇಕಿತ್ತು. ನೈಲಾನಿನ ಎಂಟು ಗೀಟು ಹಾಗೇ ಇವೆ, ಒಂದೂ ತಪ್ಪಲ್ಲ. ಕರುಳಿನ ಒಂದು ಗೀಟೂ ಹಾಗೇ ಇದೆ. ‘ಅಜ್ಜಿ ಹಾಡದ ದಿನಗಳು’ ಎಂಬ ಪುಟವನ್ನು ಮಡಚಿಟ್ಟಿದ್ದೇನೆ. ‘ಗಾಬರಿಗಳು’ ಪುಟವನ್ನು ತೆರೆದರೂ ಬರೆಯಲು ಏನೂ ತೋಚುತ್ತಿಲ್ಲ. ಬರೆಯುವ ಬದಲು ದಿನಾ ಬೆಳಿಗ್ಗೆ ಎದ್ದು ಮೊದಲು ಆಕಾಶ ನೋಡುತ್ತೇನೆ. ಇವತ್ತು ಮೋಡ ಕವಿದಿದೆ. ಅಜ್ಜಿ ಏಳುವ ಮೊದಲು ತಂತಿಯನ್ನು ಒಂದಿಷ್ಟು ಸಡಿಲ ಬಿಟ್ಟು ಬರಬೇಕು.